ಬಿಳಿ ಕೋಳಿ ತೊಳೆಯುವ ದಿನ

ಮೊನ್ನೆ ನೀವು ಶಾಲೆಯಿಂದ ಬಂದಾಗ ನಾನು ಎರಡು ಹ್ಯಾಟೆಕೋಳಿಗಳನ್ನು ಹಿಂಡಿನಿಂದ ತೆಗೆದು ಬೇರೆ ಬುಟ್ಟಿಯ ಕೆಳಗೆ ಇಟ್ಟಿದ್ದೆ. “ಇವು ಏನ್ ತಪ್ಪು ಮಾಡ್ಯಾವ ಅಜ್ಜಿ?” ಎಂದು ಕೇಳಿದಿರಿ. ನಾನು ನಕ್ಕು ಒಳಗೆ ಹೋಗಿಬಿಟ್ಟೆ. ಎದುರು ಕೂತು ಉತ್ತರ ಹೇಳುವುದು ನನಗೆ ಚಿಕ್ಕಂದಿನಿಂದ ಕಷ್ಟ. ಬರೆಯುವುದು ಅಷ್ಟು ಕಷ್ಟವಲ್ಲ. ಕಂಪ್ಲಿಯ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಅಕ್ಷರ ಇನ್ನೂ ದುಂಡಗೇ ಇವೆ. ಹಾಗಾಗಿ ಬರೆದಿಡುತ್ತೇನೆ, ಓದಿಕೊಳ್ಳಿ.

ಅವು ಏನೂ ತಪ್ಪು ಮಾಡಿಲ್ಲ. ಒಂದರ ಕತ್ತಿನಲ್ಲಿ ಒಣಹುಲ್ಲಿನ ಬಣ್ಣದ ಗರಿಗಳು ಬಂದಿವೆ, ಇನ್ನೊಂದರ ಬೆನ್ನಿನಲ್ಲಿ ತುಸು ಕೆಂಪು ಇದೆ. ಅಷ್ಟೇ.

ನಮ್ಮ ಹಿತ್ತಲಲ್ಲಿರುವುದು ಅಸೀಲ ಜಾತಿಯ ಬಿಳಿ ಕೋಳಿಗಳು. ಎತ್ತರದ ಕಾಲು, ನೆಟ್ಟಗೆ ನಿಲ್ಲುವ ಕತ್ತು, ಮೈಗೆ ಅಂಟಿಕೊಂಡ ಗರಿ, ತಲೆಯ ಮೇಲೆ ಗರಗಸದ ಹಲ್ಲುಗಳಿಲ್ಲದ ಸಣ್ಣ ಗಂಟಿನಂಥ ಜುಟ್ಟು. ಇವು ತತ್ತಿ ಕೊಡುವುದು ಕಡಿಮೆ, ಜಗಳ ಜಾಸ್ತಿ, ಆದರೆ ಮರಿಗಳನ್ನು ಕಾಯುವುದರಲ್ಲಿ ಇವನ್ನು ಮೀರಿಸುವ ತಾಯಿಯಿಲ್ಲ. ನಿಮ್ಮ ತಾತ ನನ್ನನ್ನು ಮದುವೆಯಾಗುವ ಮೊದಲೇ ಇವುಗಳ ಹಿಂದೆ ಬಿದ್ದಿದ್ದರು. ಹೊಸಪೇಟೆಯಲ್ಲಿ ಡ್ಯಾಮಿನ ಕಡೆಯ ಒಬ್ಬ ಹಿರಿಯರ ಮನೆಯಲ್ಲಿ ಇವನ್ನು ನೋಡಿ, ಹಲವು ಸಲ ಹೋಗಿ ಬಂದು, ಕೊನೆಗೆ ಅವರಿಂದ ತತ್ತಿ ಪಡೆದರಂತೆ. ಊಟದ ಡಬ್ಬಿಯಲ್ಲಿ ತೌಡು ತುಂಬಿ, ತತ್ತಿಗಳನ್ನು ಅದರಲ್ಲಿ ಹುದುಗಿಸಿ, ಸಂಡೂರಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರಂತೆ. ಘಾಟಿನ ತಿರುವುಗಳಲ್ಲಿ ಡಬ್ಬಿಯನ್ನು ಕೈಯಲ್ಲಿ ಎತ್ತಿ ಹಿಡಿದಿದ್ದನ್ನು ಕಂಡು ಕಂಡಕ್ಟರು, ಅದರಲ್ಲಿ ದೇವರಿದ್ದಾನೇನು ಎಂದು ಕೇಳಿದನಂತೆ. ಇದನ್ನು ಅವರು ಎಷ್ಟು ಸಲ ಹೇಳಿದರೂ ನಗುತ್ತಲೇ ಹೇಳುತ್ತಿದ್ದರು.

ಬಿಳಿ ಹುಂಜಕ್ಕೂ ಬಿಳಿ ಹ್ಯಾಟೆಗೂ ಹುಟ್ಟಿದ್ದೆಲ್ಲ ಬಿಳಿಯಾಗಿಯೇ ಇರುತ್ತದೆ ಎಂದು ನೀವು ಅಂದುಕೊಂಡಿರಬಹುದು. ಹಾಗಿಲ್ಲ. ಯಾವುದೋ ಹಿಂದಿನ ಅಜ್ಜ ಅಜ್ಜಿಯ ಬಣ್ಣ ರಕ್ತದಲ್ಲಿ ಅಡಗಿದ್ದು ಆಗಾಗ ಮೇಲೆ ಬರುತ್ತದೆ. ಮರಿಯಲ್ಲಿ ಅದು ತಿಳಿಯುವುದಿಲ್ಲ. ಎಲ್ಲವೂ ಅರಿಸಿನದ ಉಂಡೆಯ ಹಾಗೆ ಒಂದೇ ರೀತಿ ಇರುತ್ತವೆ. ದೊಡ್ಡದಾಗಿ, ಮರಿಗರಿ ಉದುರಿ, ಕತ್ತಿನ ಮೇಲೆ, ಬೆನ್ನ ಮೇಲೆ ಪೂರ್ತಿ ಗರಿ ಬಂದ ಮೇಲೆಯೇ ತಿಳಿಯುವುದು. ಆಗ ಬಣ್ಣ ತಿರುಗಿದವನ್ನು ತೆಗೆಯಬೇಕು, ಅವುಗಳ ತತ್ತಿ ಕಾವಿಗೆ ಇಡಬಾರದು. ಹುಂಜವಾದರಂತೂ ಹಿಂಡಿನಲ್ಲಿ ಬಿಡಲೇಬಾರದು. ಜೋಳ ಹಸನು ಮಾಡುವ ಹಾಗೆ ವರ್ಷ ವರ್ಷವೂ ಮಾಡಬೇಕಾದ ಕೆಲಸ ಇದು. ತಾತ ಇದಕ್ಕೆ ‘ಆಯೋದು’ ಎನ್ನುತ್ತಿದ್ದರು.

ಆದರೆ ನಮ್ಮ ಊರಲ್ಲಿ ಆಯುವುದು ಸುಲಭವಿಲ್ಲ. ಅದಿರಿನ ಲಾರಿಗಳು ಮನೆಯ ಮುಂದೆಯೇ ಹೋಗುತ್ತವೆ. ತುಳಸಿ ಎಲೆ ಕೆಂಪು, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಕೆಂಪು, ಗಣಿಯಲ್ಲಿ ಟಿಪ್ಪರ್ ಓಡಿಸಿ ಬಂದ ತಾತನ ಅಂಗಿ ನೆನೆಹಾಕಿದರೆ ಬಕೆಟ್ಟಿನ ನೀರು ಕೆಂಪು. ಕೋಳಿಗಳೋ ಮಣ್ಣಿನಲ್ಲಿ ಹೊರಳಾಡುವ ಜಾತಿ. ಈ ಧೂಳಿಗೆ ಎಂಥದೋ ಜಿಡ್ಡು; ಗರಿಯ ಮೇಲೆ ಕೂತರೆ ಕೊಡವಿದರೆ ಹೋಗುವುದಿಲ್ಲ. ಹಾಗಾಗಿ ಆಯುವ ಮೊದಲು ಎಲ್ಲ ಕೋಳಿಗಳಿಗೂ ಜಳಕ ಆಗಲೇಬೇಕು.

ನಾನು ಈ ಮನೆಗೆ ಹೊಸದಾಗಿ ಬಂದಾಗ ಕೋಳಿಗೆ ಜಳಕ ಮಾಡಿಸುವುದನ್ನು ಕಂಡು ಬೆಪ್ಪಾಗಿದ್ದೆ. ಮನೆ ತುಂಬ ಜನ. ಹಗಲು ಹೊತ್ತಿನಲ್ಲಿ ಗಂಡನ ಹತ್ತಿರ ಮಾತಾಡುವುದೆಂದರೆ ನನಗೆ ನಾಚಿಕೆ, ಅವರಿಗೂ ನಾಚಿಕೆ. ಒಂದು ದಿನ ಹಿತ್ತಲಿನಿಂದ ಅತ್ತೆಯನ್ನು ಕೂಗಿ, ಕೋಳಿ ಹಿಡಿದುಕೊಳ್ಳಲು ಯಾರನ್ನಾದರೂ ಕಳಿಸು ಎಂದರು. ಅತ್ತೆ ನನ್ನನ್ನು ಕಳಿಸಿದರು. ಹೋಗಿ ನಿಂತೆ. ಅಗಲವಾದ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಅದರ ತುಂಬ ಅಂಟವಾಳದ ನೊರೆ. ಮೊದಲ ವರ್ಷ ಸೀಗೆಪುಡಿ ಹಾಕಿ ತೊಳೆದು ಕೋಳಿಗಳನ್ನೆಲ್ಲ ಕಂದು ಮಾಡಿದ್ದರಂತೆ. ಅತ್ತೆ ಅದನ್ನು ಹೇಳಿ ನಕ್ಕಿದ್ದರು. ನಾನು ಹ್ಯಾಟೆಯ ರೆಕ್ಕೆಗಳನ್ನು ಬಿಗಿಯಾಗಿ ಅವುಚಿ ಹಿಡಿದಿದ್ದೆ. ಅದು ಕೊಸರಾಡಿ ಇಬ್ಬರಿಗೂ ನೀರು ಚಿಮ್ಮಿಸಿತು.

“ಗಟ್ಟಿ ಹಿಡೀಬ್ಯಾಡ. ಎದಿ ಕೆಳಗ ಕೈ ಇಡು, ತಾನ ಸುಮ್ಮನಾಗತೈತಿ” ಎಂದರು.

ಹಾಗೆಯೇ ಮಾಡಿದೆ. ಅಂಗೈಯಲ್ಲಿ ಅದರ ಎದೆ ಡವಡವ ಹೊಡೆದುಕೊಳ್ಳುವುದು ತಿಳಿಯಿತು. ನಾನು ತಲೆ ತಗ್ಗಿಸಿಕೊಂಡೇ, ನೀರು ಬಿಸಿ ಜಾಸ್ತಿ ಆಗಿದೆ, ಸ್ವಲ್ಪ ತಣ್ಣೀರು ಹಾಕಿರಿ ಎಂದೆ. ಅವರು ಎದ್ದು ಹೋಗಿ ಕೊಡ ತಂದರು. ಆ ದಿನ ಮಧ್ಯಾಹ್ನದವರೆಗೂ ಒಂದಾದ ಮೇಲೊಂದು ಕೋಳಿ ತೊಳೆದೆವು. ನೊರೆ ಕೆಂಪಾಗುತ್ತಿತ್ತು, ನೀರು ಬದಲಿಸುತ್ತಿದ್ದೆವು. ಅವರು ಪ್ರತಿ ಕೋಳಿಯ ವಂಶವನ್ನೂ ಹೇಳುತ್ತಿದ್ದರು, ನಾನು ಹ್ಞೂಂ ಅನ್ನುತ್ತಿದ್ದೆ. ಒಳಗೆ ಬಂದಾಗ ಸೀರೆಯೆಲ್ಲ ಒದ್ದೆ. ಅತ್ತೆ ನೋಡಿ, “ನಮ್ಮ ಸೊಸಿ ಬಾಯಿ ಬಿಟ್ಟಿದ್ದು ಕೋಳಿ ಮುಂದ ನೋಡು” ಎಂದು ಪಕ್ಕದ ಮನೆಯವರಿಗೆ ಕೇಳುವ ಹಾಗೆ ಹೇಳಿದರು. ನಾನು ನಾಚಿ ಅಡಿಗೆಮನೆಗೆ ಓಡಿದೆ. ಆದರೆ ಮುಂದಿನ ತೊಳೆಯುವ ದಿನ ಯಾವಾಗ ಬರುತ್ತದೋ ಎಂದು ಕಾಯುವುದು ಅಂದಿನಿಂದಲೇ ಶುರುವಾಯಿತು.

ತೊಳೆದ ತಕ್ಷಣ ಅವರು ಆಯುತ್ತಿರಲಿಲ್ಲ. ಬಿಸಿಲಿನಲ್ಲಿ ಹುಲ್ಲು ಹಾಸಿ, ಬುಟ್ಟಿ ಕವುಚಿ, ಪೂರ್ತಿ ಒಣಗಲು ಬಿಡುತ್ತಿದ್ದರು. ಆಮೇಲೆ ಒಂದೊಂದನ್ನೂ ತೊಡೆಯ ಮೇಲೆ ಕೂರಿಸಿಕೊಂಡು, ಕತ್ತಿನ ಗರಿಗಳನ್ನು ಬೆರಳಿನಿಂದ ಬಿಡಿಸಿ ಬುಡದವರೆಗೆ ನೋಡುತ್ತಿದ್ದರು. ಧೂಳಾದರೆ ಗರಿಯ ತುದಿಯಲ್ಲಿ ಕೂತಿರುತ್ತದೆ, ತೊಳೆದರೆ ಹೋಗುತ್ತದೆ. ಹುಟ್ಟಿದ ಬಣ್ಣವಾದರೆ ಒಂದು ಗರಿಯ ಕೆಳಗೆ ಮುಚ್ಚಿಕೊಂಡಿರುವ ಇನ್ನೊಂದು ಗರಿಯಲ್ಲೂ ಇರುತ್ತದೆ. ಬೇಡವಾದ ಹುಂಜವನ್ನು ಮನೆಯಲ್ಲೇ ಕೊಯ್ದು ಅಡಿಗೆ ಮಾಡಿಸುತ್ತಿದ್ದರು. ಹಿಂದಿನ ಸಂಜೆ ಅದಕ್ಕೆ ಕೈಯಾರೆ ಜೋಳ ಹಾಕುತ್ತಿದ್ದರು. ಸಾಕಲು ಕೊಡಿ ಎಂದು ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಪಂದ್ಯಕ್ಕೆ ಹುಂಜ ಬೇಕೆಂದು ಆಂಧ್ರದ ಕಡೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದವರನ್ನು ಚಹಾ ಕುಡಿಸಿ ಹಾಗೆಯೇ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಕೊಯ್ಯುವಾಗ ನಾನು ಹತ್ತಿರ ಇರುತ್ತಿರಲಿಲ್ಲ. ಒಳಗೆ ಕೂತು ಮಸಾಲೆ ಅರೆಯುತ್ತಿದ್ದೆ. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂಬ ನನ್ನ ಅನಿಸಿಕೆಯನ್ನು ಅವರಿಗೆ ಮಾತ್ರ, ಮೆಲ್ಲಗೆ ಹೇಳುತ್ತಿದ್ದೆ. ಕೆಲವು ಸಲ ಕೇಳುತ್ತಿದ್ದರು. ಆದರೆ ಕೊನೆಯ ಮಾತು ಅವರದೇ.

ನಿಮ್ಮಪ್ಪನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ, ನೀವಿನ್ನೂ ಹುಟ್ಟಿರಲಿಲ್ಲ, ತಾತ ಎದೆನೋವು ಬಂದು ತೀರಿಕೊಂಡರು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆ ಮಳೆಗಾಲ ಕೋಳಿಗಳ ಕಡೆ ಯಾರೂ ನೋಡಲಿಲ್ಲ. ಕಾಳು ಎರಚುತ್ತಿದ್ದೆ, ನೀರು ಇಡುತ್ತಿದ್ದೆ, ಅಷ್ಟೇ. ಮಳೆಯೂ ಸರಿಯಾಗಿ ಬರಲಿಲ್ಲ. ಕೋಳಿಗಳು ಇಟ್ಟಿಗೆ ಪುಡಿಯಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿದ್ದವು.

ನಮ್ಮ ಮಂದಿಯಲ್ಲಿ ಸಾವಾದ ಮನೆಯಲ್ಲಿ ಕೆಲವು ವಾರ ಬಾಡಿನ ಅಡಿಗೆ ಮಾಡುವುದಿಲ್ಲ. ಆಮೇಲೆ ನೆಂಟರು ಒಂದು ದಿನ ಗೊತ್ತು ಮಾಡಿ ಬಂದು, ಆ ಮನೆಯ ಒಲೆಯ ಮೇಲೆ ಮತ್ತೆ ಬಾಡಿನ ಎಸರು ಇಡಿಸುತ್ತಾರೆ. ಗಂಡನನ್ನು ಕಳೆದುಕೊಂಡವಳು ಅಂದು ಒಂದು ತುತ್ತಾದರೂ ತಿನ್ನಬೇಕು. ಆ ದಿನಕ್ಕೆ ಕಂಪ್ಲಿಯಿಂದ ನನ್ನ ಮೈದುನ ಬಂದರು. ತಾತನ ತಮ್ಮ, ಭತ್ತದ ಗದ್ದೆ ಮಾಡುವವರು, ದೊಡ್ಡ ದನಿಯ ಮನುಷ್ಯ. ಅಣ್ಣ ಸತ್ತಾಗ ಅವರಷ್ಟು ಅತ್ತವರು ಇನ್ನೊಬ್ಬರಿಲ್ಲ. ಜೊತೆಗೆ ಮೂರು ನಾಲ್ಕು ಜನ ಹಿರಿಯರು. ಹೆಂಗಸರೆಲ್ಲ ಒಳಗೆ ನನ್ನ ಸುತ್ತ ಕೂತಿದ್ದರು.

ಮೈದುನ ಹಿತ್ತಲಿಗೆ ಹೋದವರು ನನ್ನ ಹೊರೆಯನ್ನೂ ಕಡಿಮೆ ಮಾಡೋಣ ಎಂದುಕೊಂಡರು. ಅಣ್ಣ ಬಣ್ಣ ಕೆಟ್ಟವನ್ನು ತೆಗೆಯುತ್ತಿದ್ದ ಎಂಬುದಷ್ಟೇ ಅವರಿಗೆ ಗೊತ್ತು. ಎಲ್ಲಕ್ಕಿಂತ ಕೆಂಪಗಿದ್ದ ಕೋಳಿಗಳನ್ನು ಹಿಡಿದು ಹಿಡಿದು ಬುಟ್ಟಿಯ ಕೆಳಗೆ ಹಾಕಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೆಂಪಗಿದ್ದವು ಮಣ್ಣಿನಲ್ಲಿ ಹೆಚ್ಚು ಹೊರಳಾಡುವ ಗಟ್ಟಿಮುಟ್ಟಾದ ಹ್ಯಾಟೆಗಳು, ತಾತ ವರ್ಷಗಟ್ಟಲೆ ಆಯ್ದು ಉಳಿಸಿಕೊಂಡ ತಾಯಿಕೋಳಿಗಳು. ಜೊತೆಗೆ ಎತ್ತರದ ಹುಂಜ. ಹಳೆಯ ಹುಂಜ ಹೋದ ಮೇಲೆ ‘ಮುಂದಿನ ವರ್ಷಕ್ಕ ಇವನ’ ಎಂದು ತಾತ ಇಟ್ಟುಕೊಂಡಿದ್ದ ಎಳೆಯದು. ರಸ್ತೆಯ ಕಡೆಯ ಗೋಡೆಯ ಮೇಲೆ ಕೂತು ಕೂಗುವುದು ಅದರ ಅಭ್ಯಾಸ, ಹಾಗಾಗಿ ಅದು ಎಲ್ಲಕ್ಕಿಂತ ಕೆಂಪು. ಹೊರಗೆ ಉಳಿದಿದ್ದು ಯಾವುದು? ರಸ್ತೆಯ ಕಡೆ ಸುಳಿಯದ ಇನ್ನೊಂದು ಹುಂಜ, ಮತ್ತೆ ಮೂಲೆಯಲ್ಲಿ ಕಾವಿಗೆ ಕೂತಿದ್ದು ಆಗಷ್ಟೇ ಎದ್ದ ಒಂದು ಕೋಳಿ. ಧೂಳು ತಾಕದ್ದರಿಂದ ತಕ್ಕಮಟ್ಟಿಗೆ ಬೆಳ್ಳಗೆ ಕಾಣುತ್ತಿತ್ತು. ಅದರ ಬೆನ್ನಿನಲ್ಲಿ ಹುಲ್ಲಿನ ಬಣ್ಣವಿತ್ತು. ಬೇರೆ ಕೋಳಿಗಳ ತತ್ತಿಗೆ ಕಾವು ಕೊಡಲೆಂದು ಮಾತ್ರ ಅದನ್ನು ಇಟ್ಟುಕೊಂಡಿದ್ದೆವು.

ಅವರು ಕತ್ತಿ ಕೇಳಿದರೆ ತಾತ ಮಾಡಿದ್ದೆಲ್ಲ ಒಂದೇ ಊಟಕ್ಕೆ ಮುಗಿಯುತ್ತಿತ್ತು. ನಾನು ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರಿಗೆ ಆಗಲೇ ಕಣ್ಣು ಮಂಜಾಗಿತ್ತು.

“ನೀನ ಹೋಗಿ ಹೇಳು. ನನಗ ಕೋಳಿ ಯಾವುದು ನಾಯಿ ಯಾವುದು ಕಾಣಂಗಿಲ್ಲ, ನನ್ ಮಾತು ಯಾರ್ ಕೇಳ್ತಾರ?” ಎಂದರು.

ಹಿರಿಯರು ಕೂತಿರುವ ಅಂಗಳಕ್ಕೆ ಆ ಸ್ಥಿತಿಯಲ್ಲಿ ಹೋಗುವುದು ನನಗೆ ಹೇಗಿತ್ತು ಎಂದು ನಿಮಗೆ ತಿಳಿಯಲಾರದು. ಬಾಗಿಲ ಚೌಕಟ್ಟು ಹಿಡಿದು ನಿಂತೆ.

“ಅವನ್ನ ಕೊಯ್ಯಬ್ಯಾಡ್ರಿ. ಅದು ಬಣ್ಣ ಅಲ್ಲ, ಧೂಳು” ಎಂದೆ.

ಮೈದುನ ತಿರುಗಿ ನೋಡಿದರು. “ಇಷ್ಟು ಕೆಂಪು ಧೂಳು ಎಲ್ಲಿಂದ ಬಂತು ಅತ್ತಿಗಿ? ನಮ್ ಕಡಿ ಧೂಳು ಒಂದ್ಸಲ ರೆಕ್ಕಿ ಬಡದ್ರ ಹೋಗತೈತಿ.”

“ಇದು ಹೋಗಂಗಿಲ್ರಿ. ತೊಳದು ನೋಡ್ಬೇಕು.”

ಕಟ್ಟೆಯ ಮೇಲಿದ್ದ ಒಬ್ಬ ಹಿರಿಯರು, ಬಾಡಿನೂಟಕ್ಕೆ ಕರೆದು ಈಗ ಕೋಳಿಗೆ ಜಳಕ ಮಾಡಿಸಿ, ತಲೆ ಬಾಚಿ, ಹೂ ಮುಡಿಸುತ್ತೀರೇನು ಎಂದು ಕೇಳಿದರು. ಎಲ್ಲರೂ ನಕ್ಕರು. ಸಾವಾದ ಮೇಲೆ ಆ ಮನೆಯಲ್ಲಿ ಮೊದಲ ಸಲ ನಗು ಕೇಳಿದ್ದು ಅದು. ಮೈದುನ ಮಾತ್ರ ನಗಲಿಲ್ಲ. ನೀರು ಕಾಯಿಸಲು ತಾವೇ ಹೊರಟರು.

ಸೆರಗು ಸಿಕ್ಕಿಸಿ ನಾನೇ ಕೂತೆ. ಅವರು ಹಿಡಿದುಕೊಂಡರು, ನಾನು ತೊಳೆದೆ. ಮೊದಲ ಹ್ಯಾಟೆಯ ಬೆನ್ನಿನಿಂದ ಕೆಂಪು ನೊರೆ ಇಳಿದು ಒಳಗಿನ ಬಿಳಿ ಕಂಡಾಗ ಮೈದುನ, “ಅಯ್ಯ, ನಾ ಎಂಥಾ ಕೆಲಸ ಮಾಡ್ತಿದ್ದೆ” ಎಂದು ಮೆಲ್ಲಗೆ ಅಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ನಿಮ್ಮ ಹೊಲದ ಕಡೆ ಹೀಗಾಗುವುದಿಲ್ಲವಲ್ಲ, ನಿಮಗೆ ಹೇಗೆ ಗೊತ್ತಾಗಬೇಕು ಎಂದೆ. ಒಂದೊಂದಾಗಿ ಎಲ್ಲವೂ ಬೆಳ್ಳಗಾದವು. ಒಳಗಿನಿಂದ ಹೆಂಗಸರೂ ಬಂದು ನಿಂತರು. ಹಿರಿಯರು ಚಹಾ ಕುಡಿಯುತ್ತ, ಹಸಿವನ್ನು ಬೈಯುತ್ತ, ಯಾವುದು ಎಷ್ಟು ಬಿಳಿ ಎಂದು ತಾವೇ ಪಂದ್ಯ ಕಟ್ಟತೊಡಗಿದರು.

ಎತ್ತರದ ಹುಂಜವನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದರ ಮೇಲೆ ನನಗೆ ಬಹಳ ಆಸೆ. ತಾತ ಕಡೆಯದಾಗಿ ಕೈಯಾರೆ ಕಾಳು ಹಾಕಿದ್ದು ಅದಕ್ಕೇ. ತೊಳೆದೆ, ಒಣಗಿಸಿದೆ, ತೊಡೆಯ ಮೇಲೆ ಕೂರಿಸಿಕೊಂಡೆ. ಕತ್ತಿನ ಗರಿ ಬಿಡಿಸಿದೆ. ತುದಿ ಬೆಳ್ಳಗಿತ್ತು. ಕೆಳಗಿನ ಗರಿಯ ಅಂಚಿನಲ್ಲಿ ಒಣಹುಲ್ಲಿನ ಬಣ್ಣ. ಧೂಳು ಉಳಿದಿರಬೇಕು ಎಂದುಕೊಂಡು ಆ ಜಾಗವನ್ನಷ್ಟೇ ಮತ್ತೆ ನೊರೆ ಹಾಕಿ ಉಜ್ಜಿದೆ. ಸೆರಗಿನಿಂದ ಒರೆಸಿ ನೋಡಿದೆ. ಹಾಗೆಯೇ ಇತ್ತು. ಮತ್ತೆ ತೊಳೆದೆ. ರೆಕ್ಕೆಯ ಹೆಗಲಿನಲ್ಲಿ ಗರಿ ಎತ್ತಿದೆ. ಅಲ್ಲಿ ಇನ್ನೂ ಗಾಢವಾಗಿ, ತಾಮ್ರದ ತಂತಿಯ ಹಾಗೆ ಹೊಳೆಯಿತು. ತಾತ ಅದನ್ನು ಆರಿಸಿದಾಗ ಅದಕ್ಕೆ ಪೂರ್ತಿ ಗರಿ ಬಂದಿರಲಿಲ್ಲ.

ನನ್ನ ಮುಖ ನೋಡಿ ಮೈದುನನಿಗೆ ತಿಳಿಯಿತು. ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದರು: “ಹಂಪ್ಯಾಗ ನನಗ ಬೇಕಾದವ್ರೊಬ್ರು ಗೆಸ್ಟ್ ಹೌಸ್ ಇಟ್ಟಾರ. ಬಾಳಿ ತ್ವಾಟದಾಗ ಆರಾಮ ಇರತೈತಿ. ಫಾರಿನ್ ಮಂದಿ ಫೋಟೋ ತಗೋತಾರ. ಇದನ್ನ ಅಲ್ಲಿ ಬಿಟ್ಟು ಬರ್ತೀನಿ ಅತ್ತಿಗಿ. ಜೀವಾರ ಉಳೀಲಿ.”

ನನಗೆ ಹ್ಞೂಂ ಅನ್ನುವ ಮನಸ್ಸಾಯಿತು. ನಿಜ ಹೇಳುತ್ತೇನೆ, ಆ ಮಾತು ನಾಲಗೆಯ ತುದಿಗೆ ಬಂದಿತ್ತು. ತೋಟದಲ್ಲಿ ಅದು ಕೂಗುವುದು, ಯಾರೋ ಅದನ್ನು ನೋಡಿ ಚೆಂದ ಎನ್ನುವುದು, ಎಲ್ಲ ಕಣ್ಣ ಮುಂದೆ ಬಂತು. ಆದರೆ ತೋಟದ ಸುತ್ತ ಹತ್ತು ಮನೆಯ ಹ್ಯಾಟೆಗಳಿರುತ್ತವೆ. ಇದರ ಮರಿಗಳನ್ನು ತಾತನ ಬಿಳಿ ಕೋಳಿ ಎಂದು ಜನ ಸಾಕುತ್ತಾರೆ, ಅವುಗಳಲ್ಲಿ ಕೆಂಪು ಹೊರಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಪ್ರೀತಿಯಾಯಿತೆಂದು ಇದನ್ನು ಬಿಟ್ಟರೆ, ಬರುವ ವರ್ಷ ಇನ್ನೊಂದರ ಮೇಲೆ ಪ್ರೀತಿಯಾಗುತ್ತದೆ. ನನ್ನ ಸ್ವಭಾವ ನನಗೆ ಗೊತ್ತಿತ್ತು.

“ಬ್ಯಾಡ್ರಿ. ಇವತ್ತಿನ ಅಡಿಗಿಗೆ ಇದ ಆಗ್ಲಿ” ಎಂದೆ.

“ಅಣ್ಣ ಆರಿಸಿ ಇಟ್ಟ ಹುಂಜ ಇದು ಅತ್ತಿಗಿ.”

“ಅವ್ರು ತೊಳದು ನೋಡಿದ್ದಿಲ್ಲ.”

ಒಳಗಿನಿಂದ ಒಂದು ಹಿಡಿ ಜೋಳ ತಂದೆ. ಹುಂಜ ನನ್ನ ಅಂಗೈಯಿಂದ ನಿಧಾನವಾಗಿ ತಿಂದಿತು. ಆಮೇಲೆ ಮೈದುನನ ಕೈಗೆ ಕೊಟ್ಟೆ. ಈ ಸಲ ಒಳಗೆ ಹೋಗಲಿಲ್ಲ. ಅಲ್ಲಿಯೇ ನಿಂತಿದ್ದೆ.

ಅಡಿಗೆಯನ್ನು ನಾನೇ ಮಾಡಿದೆ. ಊಟಕ್ಕೆ ಕೂತಾಗ ಅತ್ತೆ ಯಾವ ಕೋಳಿ ಎಂದು ಕೇಳಿದರು. ಹೇಳಿದೆ. ಅವರು ತಡಕಾಡಿ ನನ್ನ ತಟ್ಟೆಯನ್ನು ಹುಡುಕಿ, ತಮ್ಮ ತಟ್ಟೆಯ ತುಂಡೊಂದನ್ನು ಅದರಲ್ಲಿಟ್ಟು, ಉಣ್ಣು ಎಂದರು. ಉಂಡೆ.

ಆಗ ಹಿಂಡಿನಲ್ಲಿ ಉಳಿದ ಹುಂಜ ಒಂದೇ. ಹ್ಯಾಟೆಗಳ ಹಿಂದೆ ಅಡಗಿಕೊಂಡು ಓಡಾಡುವ ಪುಕ್ಕಲು, ಕೂಗಿದರೆ ಅರ್ಧಕ್ಕೇ ನಿಲ್ಲಿಸುವಂಥದ್ದು. ಆದರೆ ತೊಳೆದು ನೋಡಿದರೆ ಬುಡದವರೆಗೆ ಬಿಳಿ. ಅದನ್ನೇ ಇಟ್ಟುಕೊಂಡೆ. ಮೈದುನ ಹೊರಡುವಾಗ ತತ್ತಿ ಕೇಳಿದರು. ಅಣ್ಣನ ಕೋಳಿ ಕಂಪ್ಲಿಯಲ್ಲೂ ಇರಲಿ ಎಂದು. ಈಗ ಬೇಡ, ಈ ಹುಂಜದ ಮರಿಗಳಿಗೆ ಪೂರ್ತಿ ಗರಿ ಬರಲಿ, ಬಣ್ಣ ನೋಡೋಣ ಎಂದೆ. ಮುಂದಿನ ವರ್ಷ ಮರಿಗಳನ್ನು ತೊಳೆಯುವ ಹೊತ್ತಿಗೆ ಅವರೇ ಬಂದು ಬೋಗುಣಿಯ ಮುಂದೆ ಕೂತರು. ಒಳ್ಳೆಯ ಬಿಳಿ ಬಂದಿತ್ತು. ಒಂದು ಹುಂಜ, ಕೆಲವು ಹ್ಯಾಟೆಗಳನ್ನು ಆರಿಸಿ ಕೊಟ್ಟೆ.

ಅದಾದ ಮೇಲೆ ಭತ್ತ ತೆನೆಯಾಗುವ ಕಾಲಕ್ಕೆ ನಾನು ಕಂಪ್ಲಿಗೆ ಹೋದೆ. ಗದ್ದೆಯ ಬದುವಿನ ಮೇಲೆ ಕೋಳಿಗಳು ಮೇಯುತ್ತಿದ್ದವು. ದೂರದಿಂದ ನೋಡಿ ಬೆಳ್ಳಕ್ಕಿ ಎಂದುಕೊಂಡೆ. ಹತ್ತಿರ ಹೋದ ಮೇಲೆ ನಮ್ಮವೇ ಎಂದು ತಿಳಿಯಿತು. ಯಾರೂ ತೊಳೆದಿರಲಿಲ್ಲ. ಕಾಲುವೆಯ ನೀರು, ಹಸಿರು, ಅದರ ನಡುವೆ ಕಣ್ಣು ಕೋರೈಸುವ ಹಾಗೆ ಬಿಳಿ. ನಾನು ಬದುವಿನ ಮೇಲೆ ಕೂತುಬಿಟ್ಟೆ. ನಿಮ್ಮ ತಾತ ಇಷ್ಟು ವರ್ಷ ಆಯ್ದು ಉಳಿಸಿದ ಈ ಬಿಳಿಯನ್ನು ತೊಳೆದ ದಿನ ಒಂದೆರಡು ಹೊತ್ತು ಮಾತ್ರ ಕಂಡವರು. ಮಾರನೆಯ ದಿನ ಲಾರಿ ಓಡಾಡಿದರೆ ಮುಗಿಯಿತು. ಕೆಲಸವಿಲ್ಲದ ಯಾವುದೋ ಒಂದು ಬೆಳಿಗ್ಗೆ, ಹೀಗೆ ಸುಮ್ಮನೆ ಕೂತು, ಅವರು ಅದನ್ನು ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಮೈದುನ ಕಂಡೂ ಕಾಣದವರ ಹಾಗೆ, ತಾವೇ ಹುಟ್ಟಿಸಿದವರಂತೆ ಕೋಳಿಗಳ ಗುಣಗಾನ ಮಾಡುತ್ತ ನಿಂತರು.

ಒಂದು ಹ್ಯಾಟೆ ಕಾಲ ಹತ್ತಿರ ಬಂತು. ಎತ್ತಿಕೊಂಡು ಕತ್ತಿನ ಗರಿ ಬಿಡಿಸಿದೆ. ಕೆಳಗಿನ ಸಾಲಿನಲ್ಲಿ ಒಂದೆಳೆ ಹುಲ್ಲಿನ ಬಣ್ಣ, ಹೊಸದಾಗಿ ಬಂದ ಗರಿಯಲ್ಲಿ.

“ಇದರ ತತ್ತಿ ಕಾವಿಗೆ ಇಡಬ್ಯಾಡ್ರಿ. ಬ್ಯಾರೆ ಬುಟ್ಟಿಗೆ ಹಾಕ್ರಿ” ಎಂದೆ.

“ಎಲ್ಲಾದಕ್ಕಿಂತ ಚಂದ ಇರೋದು ಅದ ಐತಲ್ರೀ ಅತ್ತಿಗಿ” ಎಂದು ಗೊಣಗಿದರು. ಬಾಗಿ ಆ ಗರಿಯನ್ನು ತಾವೂ ನೋಡಿದರು. ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಅದನ್ನು ಒಂದು ಸಲ ಉಜ್ಜಿದರು. ಆಮೇಲೆ ಬುಟ್ಟಿ ತರಲು ಮನೆಯ ಕಡೆ ನಡೆದರು.